ಟೆಲಿಸ್ಕೋಪ್ ಇಲ್ದೇ ವಿಶ್ವದ ಹಳೇ ಕಾಲ ನೋಡೋದು ಹೇಗೆ: ಲ್ಯಾಪ್‌ಟಾಪು, ನೆಟ್ಟು, ಒಂದು ಕ್ಯಾಲ್ಕುಲೇಟರ್ ಸಾಕು

ಖಗೋಳ ಅಂದ ತಕ್ಷಣ ಎಲ್ಲರೂ ಕೇಳೋದು ಯಾವ ಟೆಲಿಸ್ಕೋಪ್ ತಗೊಳ್ಲಿ ಅಂತ. ಈ ಕೆಲಸಕ್ಕೆ ಟೆಲಿಸ್ಕೋಪ್ ಬೇಡವೇ ಬೇಡ, ಯಾಕಂದ್ರೆ ವಿಶ್ವ ಹೇಗೆ ಬೆಳೀತು ಅಂತ ತಿಳಿಯೋಕೆ ಬೇಕಾದ ಬೆಳಕಲ್ಲಿ ಬಹುಪಾಲು ನಮ್ಮ ವಾತಾವರಣ ದಾಟಿ ಕೆಳಗೆ ಬರೋದೇ ಇಲ್ಲ. ಗಾಮಾ, ಎಕ್ಸ್‌ರೇ ಪೂರ್ತಿ ಬ್ಲಾಕ್, ಯುವಿ ಹೆಚ್ಚೂಕಮ್ಮಿ ಬ್ಲಾಕ್, ಇನ್‌ಫ್ರಾರೆಡ್‌ನಲ್ಲಿ ಅಲ್ಲಲ್ಲಿ ಸಣ್ಣ ಕಿಂಡಿಗಳಷ್ಟೇ ಇವೆ, ಸರಿಯಾಗಿ ತೆರೆದಿರೋದು ಕಣ್ಣಿಗೆ ಕಾಣೋ ಬೆಳಕು ಮತ್ತೆ ರೇಡಿಯೋ ಎರಡೇ. ಮಿಕ್ಕಿದ್ದನ್ನೆಲ್ಲ ಸ್ಯಾಟಲೈಟ್‌ಗಳು ಮೇಲಿಂದ ಹಿಡಿದು ಕಳಿಸಿವೆ, ಆ ಡೇಟಾದಲ್ಲಿ ಬಹಳಷ್ಟು ಯಾರು ಬೇಕಾದ್ರೂ ನೋಡೋ ಹಾಗೆ ಫ್ರೀಯಾಗಿ ಬಿದ್ದಿದೆ, ನಮ್ಮ ಜನ ಅದನ್ನ ಮುಟ್ಟೋದು ಕಮ್ಮಿ ಅಷ್ಟೇ.

ಇಲ್ಲಿ ನಾನು ಹೇಳ್ಕೊಡೋದು ಒಂದೇ ಒಂದು ಅಭ್ಯಾಸ. ಯಾವ ಗ್ಯಾಲಕ್ಸಿ ಫೋಟೋ ಕಣ್ಣಿಗೆ ಬಿದ್ರೂ ಎರಡು ಪ್ರಶ್ನೆ ಕೇಳಿ. ಇದನ್ನ ಯಾವ ತರಂಗಾಂತರದಲ್ಲಿ ಹಿಡಿದಿದ್ದು? ಆ ಬೆಳಕು ಅಲ್ಲಿಂದ ಹೊರಟಾಗ ಯಾವ ತರಂಗಾಂತರದಲ್ಲಿತ್ತು? ಹತ್ತಿರದ ಗ್ಯಾಲಕ್ಸಿಗೆ ಎರಡಕ್ಕೂ ಉತ್ತರ ಒಂದೇ, ದೂರದ್ದಕ್ಕೆ ಬೇರೆ ಬೇರೆ, ಯಾಕಂದ್ರೆ ದೂರದ ಬೆಳಕು ಬಹಳ ಹಿಂದೆ ಹೊರಟಿದ್ದು, ದಾರಿಯಲ್ಲಿ ಹಿಗ್ಗಿರತ್ತೆ. ಈ ಎರಡನೇ ಪ್ರಶ್ನೆ ಬಿಟ್ಟು ಹಳೇ ಗ್ಯಾಲಕ್ಸಿನೂ ಹೊಸ ಗ್ಯಾಲಕ್ಸಿನೂ ಪಕ್ಕಪಕ್ಕ ಇಟ್ಟು "ನೋಡಿ ಎಷ್ಟು ಬದಲಾಗಿದೆ" ಅಂದ್ರೆ ಅರ್ಧ ಸುಳ್ಳು ಹೇಳಿದ ಹಾಗೆ.

ಮೊದಲು ಇಷ್ಟು ಓಪನ್ ಮಾಡಿಟ್ಕೊಳಿ

ಬ್ರೌಸರ್‌ನಲ್ಲಿ ಅಲಾಡಿನ್ ಲೈಟ್ ಅಂತ ಹುಡುಕಿ, ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿರೋ ಖಗೋಳ ಡೇಟಾ ಸೆಂಟರ್‌ನವರದ್ದು, ಇನ್‌ಸ್ಟಾಲ್ ಮಾಡೋದೇನೂ ಇಲ್ಲ. ಎರಡನೇದು ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಇಎಸ್‌ಎ ಸ್ಕೈ. ಮೂರನೇದು ಎನ್‌ಇಡಿ, ನಮ್ಮ ಕ್ಷೀರಪಥದ ಆಚೆ ಇರೋ ವಸ್ತುಗಳ ದೊಡ್ಡ ದಾಖಲೆ ಪುಸ್ತಕ ಅಂದ್ಕೊಳಿ. ನಾಲ್ಕನೇದು ಎಸ್‌ಡಿಎಸ್‌ಎಸ್ ಅನ್ನೋ ಆಕಾಶ ಸರ್ವೇಯ ಸ್ಕೈಸರ್ವರ್, ಸ್ಪೆಕ್ಟ್ರಂ ನೋಡೋಕೆ, ಅಂದ್ರೆ ಬೆಳಕನ್ನ ತರಂಗಾಂತರದ ಪ್ರಕಾರ ಬಿಡಿಸಿಟ್ಟ ಗ್ರಾಫ್. ಐದನೇದು ನೆಡ್ ರೈಟ್ ಕಾಸ್ಮಾಲಜಿ ಕ್ಯಾಲ್ಕುಲೇಟರ್, ನೋಡೋಕೆ ಓಬೀರಾಯನ ಕಾಲದ ಪೇಜ್ ಥರ ಇದೆ, ಆದ್ರೆ ಇವತ್ತಿಗೂ ರಿಸರ್ಚ್ ಮಾಡೋರೇ ಅದನ್ನ ಬಳಸ್ತಾರೆ. ಮೊಬೈಲಲ್ಲೂ ಇವೆಲ್ಲ ಓಪನ್ ಆಗತ್ತೆ, ಆದ್ರೆ ಲೇಯರ್ ಬದಲಾಯಿಸ್ತಾ ಕೂರೋಕೆ ದೊಡ್ಡ ಸ್ಕ್ರೀನೇ ಚೆನ್ನ. ಹುಡುಕೋ ಹೆಸರುಗಳನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು, ಕನ್ನಡದಲ್ಲಿ ಹಾಕಿದ್ರೆ ಸಿಗಲ್ಲ.

ಬಿಸಿ ಎಷ್ಟು ಅನ್ನೋದು ಗೊತ್ತಾದ್ರೆ ಎಲ್ಲಿ ನೋಡ್ಬೇಕು ಅಂತ ಗೊತ್ತಾಗತ್ತೆ

ಪಿಯುಸಿ ಫಿಸಿಕ್ಸ್‌ನಲ್ಲಿ ವೀನ್ ನಿಯಮ ಅಂತ ಓದಿರ್ತೀರ, ಪರೀಕ್ಷೆ ಮುಗಿದ ಮೇಲೆ ಅದು ಎಲ್ಲಿ ಉಪಯೋಗ ಅಂತ ಯಾರೂ ಹೇಳಿರಲ್ಲ, ಇಲ್ಲೇ ನೋಡಿ. 2898 ಅನ್ನ ಕೆಲ್ವಿನ್ ಲೆಕ್ಕದ ತಾಪಮಾನದಿಂದ ಭಾಗಿಸಿ, ಆ ವಸ್ತು ಎಷ್ಟು ಮೈಕ್ರಾನ್‌ನಲ್ಲಿ (ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಅತಿ ಹೆಚ್ಚು ಹೊಳೆಯತ್ತೆ ಅಂತ ಬರತ್ತೆ. ಸೂರ್ಯ ಸುಮಾರು 5800 ಡಿಗ್ರಿ, ಭಾಗಿಸಿದ್ರೆ 0.5 ಮೈಕ್ರಾನ್, ಅಂದ್ರೆ ಕಣ್ಣಿಗೆ ಕಾಣೋ ಬೆಳಕು. ನಕ್ಷತ್ರಗಳ ಮಧ್ಯೆ ಇರೋ ಧೂಳು 30 ಡಿಗ್ರಿ ಕೆಲ್ವಿನ್ ಅಂದ್ರೆ ಮೈನಸ್ 243 ಸೆಲ್ಸಿಯಸ್, ಅದೂ ಹೊಳೆಯತ್ತೆ, ಸುಮಾರು 97 ಮೈಕ್ರಾನ್‌ನಲ್ಲಿ, ದೂರದ ಇನ್‌ಫ್ರಾರೆಡ್‌ನಲ್ಲಿ. ಹತ್ತು ಲಕ್ಷ ಡಿಗ್ರಿ ಅನಿಲ 0.0029 ಮೈಕ್ರಾನ್, ಎಕ್ಸ್‌ರೇ. ಇಡೀ ವಿಶ್ವ ತುಂಬಿರೋ ಹಿನ್ನೆಲೆ ವಿಕಿರಣ 2.725 ಡಿಗ್ರಿ, ಅದು ಸುಮಾರು 1063 ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್ ಚಿಲ್ಲರೆ, ಮೈಕ್ರೋವೇವ್.

ಒಂದು ಮಾತು, ರೇಡಿಯೋಗೆ ಈ ಲೆಕ್ಕ ಹಾಕ್ಬೇಡಿ. ಅಲ್ಲಿ ಬರೋದು ಬಹುತೇಕ ಬಿಸಿಯಿಂದ ಹುಟ್ಟಿದ ಬೆಳಕಲ್ಲ, ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತಿ ಸುತ್ತಿ ಹೊರಬಿಡೋ ಸಿಂಕ್ರೋಟ್ರಾನ್ ಬೆಳಕು, ಇಲ್ಲಾಂದ್ರೆ ತಣ್ಣಗಿರೋ ಹೈಡ್ರೋಜನ್ ಪರಮಾಣು ಬಿಡೋ 21 ಸೆಂಟಿಮೀಟರ್ ರೇಖೆ (ರೇಖೆ ಅಂದ್ರೆ ಒಂದೇ ನಿರ್ದಿಷ್ಟ ತರಂಗಾಂತರದ ಬೆಳಕು). ಇದರ ಕಥೆ ಆಮೇಲೆ.

ಎಂ82 ಮೇಲೆ ಕೈ ಪಳಗಿಸ್ಕೊಳಿ

ಶುರುವಿಗೇ ದೂರದ ಗ್ಯಾಲಕ್ಸಿಗೆ ಹಾರ್ಬೇಡಿ, ಮೊದಲು ಹತ್ತಿರದ್ದು. ಅಲಾಡಿನ್ ಲೈಟ್‌ನಲ್ಲಿ ಎಂ82 ಅಂತ ಹಾಕಿ. ಸಪ್ತರ್ಷಿ ಮಂಡಲದ ದಿಕ್ಕಲ್ಲಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ. ಡೀಫಾಲ್ಟ್ ಆಗಿ ಬರೋದು ಡಿಎಸ್‌ಎಸ್ ಲೇಯರ್, ಕಣ್ಣಿಗೆ ಕಾಣೋ ಬೆಳಕು, ಉದ್ದಕ್ಕೆ ಮಲಗಿರೋ ಒಂದು ಗ್ಯಾಲಕ್ಸಿ, ಮಧ್ಯದಲ್ಲಿ ಅಡ್ಡಾದಿಡ್ಡಿ ಕಪ್ಪು ಪಟ್ಟಿಗಳು. ಆ ಕಪ್ಪು ಖಾಲಿ ಜಾಗ ಅಲ್ಲ, ಧೂಳು. ಇದನ್ನ ಗಟ್ಟಿಯಾಗಿ ನೆನಪಿಟ್ಕೊಳಿ, ಮುಂದಿನ ಕಥೆ ಎಲ್ಲ ಈ ಧೂಳಿನ ಮೇಲೇ ನಿಂತಿದೆ.

ಈಗ ಲೇಯರ್ ಐಕಾನ್ ಒತ್ತಿ 2ಮಾಸ್ ಆರಿಸಿ, ಇದು ಹತ್ತಿರದ ಇನ್‌ಫ್ರಾರೆಡ್, ಸುಮಾರು 1ರಿಂದ 2 ಮೈಕ್ರಾನ್. ಕಪ್ಪು ಪಟ್ಟಿಗಳು ಹೆಚ್ಚುಕಮ್ಮಿ ಮಾಯ, ಯಾಕಂದ್ರೆ ಈ ಬೆಳಕು ಧೂಳನ್ನ ತೂರ್ಕೊಂಡು ಬರತ್ತೆ, ಮತ್ತೆ ಇಲ್ಲಿ ಕಾಣೋದು ಮುಖ್ಯವಾಗಿ ಹಳೇ ತಣ್ಣನೆ ನಕ್ಷತ್ರಗಳು, ಗ್ಯಾಲಕ್ಸಿಯ ತೂಕ ಎಲ್ಲಿದೆ ಅಂತ ತೋರಿಸೋದು ಇವೇ. ಆಮೇಲೆ ಆಲ್‌ವೈಸ್ ಲೇಯರ್‌ಗೆ ಹೋಗಿ, ಇದು ಇನ್ನೂ ಉದ್ದ ತರಂಗದ ಇನ್‌ಫ್ರಾರೆಡ್, ಮಧ್ಯ ಭಾಗ ಕಣ್ಣು ಕುಕ್ಕೋ ಹಾಗೆ ಹೊಳೆಯತ್ತೆ. ಆಪ್ಟಿಕಲ್‌ನಲ್ಲಿ ಕಪ್ಪಗಿದ್ದ ಜಾಗಾನೇ ಇಲ್ಲಿ ಅತಿ ಪ್ರಕಾಶ, ಹೊಸದಾಗಿ ಹುಟ್ಟಿದ ನಕ್ಷತ್ರಗಳ ಬೆಳಕನ್ನ ಧೂಳು ಕುಡಿದು ಬಿಸಿಯಾಗಿ ಇನ್‌ಫ್ರಾರೆಡ್‌ನಲ್ಲಿ ವಾಪಸ್ ಬಿಡ್ತಾ ಇದೆ. ಮುಂದೆ ಗೇಲೆಕ್ಸ್, ಅಂದ್ರೆ ಯುವಿ. ಗ್ಯಾಲಕ್ಸಿಯ ಚಪ್ಪಟೆ ತಟ್ಟೆ, ಅಂದ್ರೆ ಡಿಸ್ಕ್‌ನ ಮೇಲೆ ಕೆಳಗೆ ಹೊಗೆ ಥರ ಎದ್ದಿರೋದು ಕಾಣತ್ತೆ. ಎಕ್ಸ್‌ರೇ ಲೇಯರ್‌ಗೆ ಎಕ್ಸ್‌ಎಂಎಂ ಆರಿಸಿ, ಅದೇ ದಿಕ್ಕಲ್ಲಿ, ಡಿಸ್ಕ್‌ಗೆ ಲಂಬವಾಗಿ, ದಶಲಕ್ಷಗಟ್ಟಲೆ ಡಿಗ್ರಿ ಬಿಸಿ ಅನಿಲ ಹೊರಗೆ ಹೋಗ್ತಾ ಇರತ್ತೆ.

ಒಂದೊಂದನ್ನೇ ನೋಡಿದ್ರೆ ಒಂದೊಂದು ಚಿತ್ರ, ಐದನ್ನೂ ಸೇರಿಸಿದ್ರೆ ಒಂದು ಘಟನೆ. ಮಧ್ಯದಲ್ಲಿ ನಕ್ಷತ್ರಗಳು ರಾಶಿರಾಶಿ ಹುಟ್ತಿವೆ, ದೊಡ್ಡವು ಬೇಗ ಸತ್ತು ಸೂಪರ್‌ನೋವಾ ಆಗ್ತಿವೆ, ಆ ಹೊಡೆತಕ್ಕೆ ಅನಿಲ ಗ್ಯಾಲಕ್ಸಿ ಬಿಟ್ಟು ಆಚೆ ಹೋಗ್ತಿದೆ. ಅನಿಲ ಹೋದ್ರೆ ಮುಂದೆ ನಕ್ಷತ್ರ ಕಟ್ಟೋಕೆ ಸಾಮಾನಿಲ್ಲ. ಗ್ಯಾಲಕ್ಸಿಗಳು ಯಾಕೆ ಒಂದು ಹಂತದಲ್ಲಿ ನಕ್ಷತ್ರ ಹುಟ್ಟಿಸೋದನ್ನ ನಿಧಾನ ಮಾಡ್ತವೆ ಅನ್ನೋ ದೊಡ್ಡ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆ.

ಆದ್ರೆ ಇಷ್ಟೆಲ್ಲ ಗಲಾಟೆ ಶುರುವಾಗಿದ್ದು ಯಾಕೆ? ಅಲಾಡಿನ್‌ನಲ್ಲೇ ಸ್ವಲ್ಪ ಝೂಮ್ ಔಟ್ ಮಾಡಿ, ಪಕ್ಕದಲ್ಲಿ ಎಂ81 ಇದೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಂತರದಲ್ಲಿ. ಆಪ್ಟಿಕಲ್‌ನಲ್ಲಿ ಎರಡಕ್ಕೂ ಸಂಬಂಧಾನೇ ಇಲ್ಲ ಅನ್ನೋ ಹಾಗೆ ತಮ್ಮ ಪಾಡಿಗೆ ತಾವಿವೆ. 1994ರಲ್ಲಿ ಅಮೆರಿಕದ ವಿಎಲ್‌ಎ ರೇಡಿಯೋ ಟೆಲಿಸ್ಕೋಪ್‌ನಿಂದ 21 ಸೆಂಟಿಮೀಟರ್‌ನಲ್ಲಿ ಈ ಜಾಗದ ಮ್ಯಾಪ್ ಬಂತು, ನೋಡಿದ್ರೆ ಎಂ81, ಎಂ82, ಎನ್‌ಜಿಸಿ 3077 ಮೂರೂ ಹೈಡ್ರೋಜನ್ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ, ಹಿಂದೆ ಯಾವಾಗ್ಲೋ ಹತ್ತಿರ ಹಾದು ಒಂದರ ಅನಿಲ ಇನ್ನೊಂದು ಎಳೆದಿದೆ. ಈ ಮ್ಯಾಪ್‌ಗೆ ಎಂ81 ಗ್ರೂಪ್ ಜೊತೆ 21 ಸೆಂಟಿಮೀಟರ್ ಹೈಡ್ರೋಜನ್ ಅಂತ ಸೇರಿಸಿ ಇಮೇಜ್ ಸರ್ಚ್ ಮಾಡಿದ್ರೆ ಸಾಕು, ಸಿಗತ್ತೆ. ಆಪ್ಟಿಕಲ್ ಚಿತ್ರ ಒಂದನ್ನೇ ಇಟ್ಕೊಂಡು ಸಾವಿರ ವರ್ಷ ನೋಡಿದ್ರೂ ಈ ಸಂಬಂಧ ಗೊತ್ತಾಗ್ತಿರಲಿಲ್ಲ.

ಚಿತ್ರ ಸಾಕು, ಈಗ ಗ್ರಾಫ್

ಎನ್‌ಇಡಿಗೆ ಹೋಗಿ ಅದೇ ಎಂ82 ಹುಡುಕಿ, ಅಲ್ಲಿ ಫೋಟೋಮೆಟ್ರಿ ಅಂತ ಒಂದು ಭಾಗ ಇರತ್ತೆ, ಗಾಮಾದಿಂದ ರೇಡಿಯೋವರೆಗೆ ಯಾರ್ಯಾರು ಅಳೆದಿದ್ದಾರೋ ಎಲ್ಲ ಸೇರಿಸಿ ಒಂದೇ ಪ್ಲಾಟ್. ಅದರಲ್ಲಿ ಎರಡು ಗುಡ್ಡ ಕಾಣ್ಬೇಕು. ಒಂದು 1 ಮೈಕ್ರಾನ್ ಆಸುಪಾಸು, ನಕ್ಷತ್ರಗಳದ್ದು. ಇನ್ನೊಂದು 60ರಿಂದ 100 ಮೈಕ್ರಾನ್ ಆಸುಪಾಸು, ಧೂಳಿನದ್ದು. ಎಂ82ರಲ್ಲಿ ಧೂಳಿನ ಗುಡ್ಡಾನೇ ಎತ್ತರ. ಈಗ ಎಂ105 ತೆಗೀರಿ, ಅದು ದುಂಡಗಿರೋ ಎಲಿಪ್ಟಿಕಲ್ ಗ್ಯಾಲಕ್ಸಿ, ವಯಸ್ಸಾಗಿರೋದು, ಅದರಲ್ಲಿ ನಕ್ಷತ್ರದ ಗುಡ್ಡ ಮಾತ್ರ ಚೆನ್ನಾಗಿ ಕಾಣತ್ತೆ, ಧೂಳಿನ ಕಡೆ ನೆಲಕಚ್ಚಿರತ್ತೆ. ಪ್ಲಾಟ್‌ನ ಅಡ್ಡ ಅಕ್ಷದಲ್ಲಿ ತರಂಗಾಂತರ ಇದೆಯೋ ಫ್ರೀಕ್ವೆನ್ಸಿ ಇದೆಯೋ ಮೊದಲು ನೋಡ್ಕೊಳಿ, ಫ್ರೀಕ್ವೆನ್ಸಿ ಆದ್ರೆ ಎಡಬಲ ಉಲ್ಟಾ.

ಈ ಎರಡು ಗುಡ್ಡಗಳ ಅನುಪಾತ ಒಂದನ್ನೇ ನೋಡಿ ಗ್ಯಾಲಕ್ಸಿ ಸಕ್ರಿಯವಾಗಿದೆಯೋ ಸುಸ್ತಾಗಿದೆಯೋ ಸುಮಾರಾಗಿ ಹೇಳ್ಬಹುದು. ವಿಶ್ವದ ಇತಿಹಾಸದಲ್ಲಿ ನಕ್ಷತ್ರಗಳು ಬಿಟ್ಟಿರೋ ಬೆಳಕಲ್ಲಿ ಸುಮಾರು ಅರ್ಧದಷ್ಟನ್ನ ಧೂಳು ನುಂಗಿ ಇನ್‌ಫ್ರಾರೆಡ್ ಆಗಿ ಬದಲಾಯಿಸಿದೆ, ಹಾಗಾಗಿ ಬರೀ ಆಪ್ಟಿಕಲ್ ನೋಡೋದು ಅಂದ್ರೆ ಅರ್ಧ ಲೆಕ್ಕ ಬಿಟ್ಟ ಹಾಗೆ.

ರೆಡ್‌ಶಿಫ್ಟ್ ನೀವೇ ಅಳೀರಿ

ವಿಶ್ವ ಹಿಗ್ಗುತ್ತಾ ಇರೋದ್ರಿಂದ ದಾರಿಯಲ್ಲಿರೋ ಬೆಳಕೂ ಹಿಗ್ಗತ್ತೆ. ಎಷ್ಟು ಪಟ್ಟು ಹಿಗ್ಗಿದೆಯೋ ಅದರಲ್ಲಿ 1 ಕಳೆದ್ರೆ ರೆಡ್‌ಶಿಫ್ಟ್. ಇಷ್ಟೇ ಸೂತ್ರ.

ಹಳೇ ಉದಾಹರಣೆ 3ಸಿ 273, ನಕ್ಷತ್ರದ ಥರ ಬರೀ ಚುಕ್ಕಿಯಾಗಿ ಕಾಣೋ ವಸ್ತು. 1963ರಲ್ಲಿ ಮಾರ್ಟೆನ್ ಸ್ಮಿಟ್ ಇದರ ಸ್ಪೆಕ್ಟ್ರಂ ನೋಡಿದಾಗ ರೇಖೆಗಳು ಯಾವ ಮೂಲವಸ್ತುವಿನದ್ದು ಅಂತಾನೇ ತಿಳೀಲಿಲ್ಲ, ಆಮೇಲೆ ಹೊಳೀತು, ಇವು ಮಾಮೂಲಿ ಹೈಡ್ರೋಜನ್ ರೇಖೆಗಳೇ, ಜಾಗ ಬದಲಾಯಿಸಿವೆ ಅಷ್ಟೇ ಅಂತ. 4861 ಆಂಗ್‌ಸ್ಟ್ರಾಂನಲ್ಲಿ (10,000 ಆಂಗ್‌ಸ್ಟ್ರಾಂ ಅಂದ್ರೆ 1 ಮೈಕ್ರಾನ್) ಇರ್ಬೇಕಾದ ಎಚ್-ಬೀಟಾ ರೇಖೆ ಸುಮಾರು 5630ರಲ್ಲಿ ಕೂತಿದೆ. 5630 ಭಾಗಿಸು 4861, 1.158 ಬರತ್ತೆ, ರೆಡ್‌ಶಿಫ್ಟ್ 0.158. ಕ್ವೇಸಾರ್‌ಗಳ, ಅಂದ್ರೆ ಮಧ್ಯದ ಕಪ್ಪುರಂಧ್ರ ಅನಿಲ ನುಂಗ್ತಾ ಇರೋದ್ರಿಂದ ಜೋರಾಗಿ ಹೊಳೆಯೋ ಗ್ಯಾಲಕ್ಸಿಗಳ ಕಥೆ ಶುರುವಾಗಿದ್ದು ಈ ಭಾಗಾಕಾರದಿಂದ.

ಎಸ್‌ಡಿಎಸ್‌ಎಸ್ ಸ್ಕೈಸರ್ವರ್‌ನ ನ್ಯಾವಿಗೇಟ್ ಟೂಲ್‌ನಲ್ಲಿ ಯಾವುದಾದ್ರೂ ಗ್ಯಾಲಕ್ಸಿ ಮೇಲೆ ಕ್ಲಿಕ್ ಮಾಡಿ, ಸ್ಪೆಕ್ಟ್ರಂ ಇರೋದನ್ನೇ ಆರಿಸಿ. ಪ್ಲಾಟ್ ಮೇಲೆ ರೆಡ್‌ಶಿಫ್ಟ್ ಬರೆದೇ ಇರತ್ತೆ, ಆದ್ರೆ ಅದನ್ನ ಕೈಯಿಂದ ಮುಚ್ಕೊಂಡು ನೀವೇ ತೆಗೀರಿ. ನಕ್ಷತ್ರ ಹುಟ್ತಿರೋ ಗ್ಯಾಲಕ್ಸಿ ಆದ್ರೆ ಬಲಗಡೆ ಎದ್ದು ನಿಂತಿರೋ ರೇಖೆ ಸಾಮಾನ್ಯವಾಗಿ ಎಚ್-ಆಲ್ಫಾ, ಮೂಲ ಜಾಗ 6563. ಅದು 7219ರಲ್ಲಿ ಸಿಕ್ರೆ ರೆಡ್‌ಶಿಫ್ಟ್ 0.1. ಹಳೇ ಕೆಂಪು ಗ್ಯಾಲಕ್ಸಿ ಆದ್ರೆ ಎದ್ದು ನಿಂತ ರೇಖೆ ಸಿಗಲ್ಲ, ಅದರ ಬದಲು ಎರಡು ಗುಂಡಿ ಅಕ್ಕಪಕ್ಕ ಹುಡುಕಿ, ಕ್ಯಾಲ್ಸಿಯಂನದ್ದು, 3934 ಮತ್ತೆ 3969, ಅದರ ಬಲಕ್ಕೇ ಗ್ರಾಫ್ ಜಿಗಿಯತ್ತೆ, ಅದಕ್ಕೆ 4000 ಆಂಗ್‌ಸ್ಟ್ರಾಂ ಬ್ರೇಕ್ ಅಂತಾರೆ. ಒಂದೇ ರೇಖೆ ನಂಬಿ ರೆಡ್‌ಶಿಫ್ಟ್ ಹೇಳ್ಬೇಡಿ, ಎರಡು ರೇಖೆಗೂ ಒಂದೇ ಉತ್ತರ ಬಂದ್ರೆ ಮಾತ್ರ ಸರಿ.

ಹಳೇ ಎಸ್‌ಡಿಎಸ್‌ಎಸ್ ಸ್ಪೆಕ್ಟ್ರಂಗಳು ಸುಮಾರು 9200 ಆಂಗ್‌ಸ್ಟ್ರಾಂಗೆ ಮುಗೀತವೆ, ಅಂದ್ರೆ ರೆಡ್‌ಶಿಫ್ಟ್ 0.4 ದಾಟಿದ್ರೆ ಎಚ್-ಆಲ್ಫಾ ಪ್ಲಾಟ್‌ನಿಂದಾನೇ ಹೊರಗೆ ಹೋಗಿರತ್ತೆ. ರೇಖೆ ಸತ್ತಿಲ್ಲ, ಇನ್‌ಫ್ರಾರೆಡ್‌ಗೆ ಹೋಗಿದೆ. ಹಿಂದೆ ಹಿಂದೆ ಹೋಗ್ತಾ ಟೆಲಿಸ್ಕೋಪ್ ಬದಲಾಯಿಸ್ತಾ ಹೋಗ್ಬೇಕಾಗೋದು ಇದಕ್ಕೇನೇ.

ಸಿಕ್ಕ ರೆಡ್‌ಶಿಫ್ಟನ್ನ ನೆಡ್ ರೈಟ್ ಕ್ಯಾಲ್ಕುಲೇಟರ್‌ಗೆ ಹಾಕಿ, ಫ್ಲಾಟ್ ಅನ್ನೋ ಬಟನ್ ಒತ್ತಿ. ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ರೆಡ್‌ಶಿಫ್ಟ್ 1 ಅಂದ್ರೆ ವಿಶ್ವಕ್ಕೆ 590 ಕೋಟಿ ವರ್ಷ ಇದ್ದಾಗಿನ ಬೆಳಕು, 2 ಅಂದ್ರೆ 330 ಕೋಟಿ, 6 ಅಂದ್ರೆ 90 ಕೋಟಿ ಚಿಲ್ಲರೆ, ಎಲ್ಲ ಸುಮಾರು ಲೆಕ್ಕ. ಒಂದು ಗೊಂದಲ ಪದೇ ಪದೇ ನೋಡಿದೀನಿ, ಬೆಳಕು ಪ್ರಯಾಣ ಮಾಡಿದ ಕಾಲಾನೇ ದೂರ ಅಂತ ಪೇಪರ್‌ನಲ್ಲಿ ಬರೀತಾರೆ. ಬೆಳಕು 1000 ಕೋಟಿ ವರ್ಷ ನಡೆದಿದೆ ಅಂದ್ರೆ ಆ ಗ್ಯಾಲಕ್ಸಿ ಈಗ 1000 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಅಂತಲ್ಲ, ನಡುವಿನ ಜಾಗ ಅಷ್ಟು ಹೊತ್ತಿಗೆ ಇನ್ನೂ ಹಿಗ್ಗಿರತ್ತೆ. ನೀವು ವಿಶ್ವದ ವಯಸ್ಸಿನ ಲೆಕ್ಕಾನೇ ಇಟ್ಕೊಳಿ, ತಲೆ ಕೆಡಲ್ಲ.

ಈಗ ಡೀಪ್ ಫೀಲ್ಡ್‌ಗೆ ಇಳೀರಿ

ಡೀಪ್ ಫೀಲ್ಡ್ ಅಂದ್ರೆ ಆಕಾಶದ ಒಂದೇ ಚಿಕ್ಕ ಜಾಗವನ್ನ ತುಂಬ ಹೊತ್ತು ನೋಡಿ ತೆಗೆದ ಚಿತ್ರ. ಇಎಸ್‌ಎ ಸ್ಕೈನಲ್ಲಿ 03 32 39 -27 47 29 ಅಂತ ಕೋಆರ್ಡಿನೇಟ್ ಹಾಕಿ. ಫೋರ್ನಾಕ್ಸ್ ನಕ್ಷತ್ರಪುಂಜದಲ್ಲಿರೋ ಚಿಕ್ಕ ಜಾಗ, 2003-04ರಲ್ಲಿ ಹಬಲ್ ಅಲ್ಟ್ರಾ ಡೀಪ್ ಫೀಲ್ಡ್ ತೆಗೆದಿದ್ದು ಇಲ್ಲೇ, ಸುಮಾರು 10,000 ಗ್ಯಾಲಕ್ಸಿ ಒಂದೇ ಫ್ರೇಮಲ್ಲಿ. ಈ ಜಾಗ ಯಾಕೆ ಅಂದ್ರೆ ನಮ್ಮದೇ ಕ್ಷೀರಪಥದ ಧೂಳು, ಅನಿಲ ಆ ದಿಕ್ಕಲ್ಲಿ ಕಮ್ಮಿ. ಇದೇ ಜಾಗವನ್ನ ಚಂದ್ರ ಎಕ್ಸ್‌ರೇ ಟೆಲಿಸ್ಕೋಪ್ ಒಟ್ಟು 70 ಲಕ್ಷ ಸೆಕೆಂಡ್ ನೋಡಿದೆ, ಲೆಕ್ಕ ಹಾಕಿದ್ರೆ 81 ದಿನ. ಇನ್‌ಫ್ರಾರೆಡ್ ನೋಡೋ ಹರ್ಷೆಲ್, ಸ್ಪಿಟ್ಜರ್, ವೆಬ್, ಮಿಲಿಮೀಟರ್ ಆಸುಪಾಸಿನ ಬೆಳಕು ನೋಡೋ ಆಲ್ಮಾ, ಎಲ್ಲ ಟೆಲಿಸ್ಕೋಪ್‌ಗಳೂ ಇಲ್ಲಿಗೆ ಬಂದು ಹೋಗಿವೆ. ಎಲ್ಲರೂ ಒಂದೇ ಜಾಗಕ್ಕೆ ಮುಗಿಬೀಳೋದು ಬುದ್ಧಿ ಇಲ್ಲದೆ ಅಲ್ಲ, ಒಂದೇ ಗ್ಯಾಲಕ್ಸಿಯ ಎಲ್ಲ ಬೆಳಕೂ ಸಿಕ್ಕಿದ್ರೇನೇ ಲೆಕ್ಕ ಪೂರ್ತಿ ಆಗೋದು.

ಹಬಲ್ ಲೇಯರ್ ಹಾಕಿ ಝೂಮ್ ಮಾಡಿ, ಸಣ್ಣ ಸಣ್ಣ ಮುರುಕಲು ಗ್ಯಾಲಕ್ಸಿಗಳು ತುಂಬ ಕಾಣತ್ತೆ. ಇಲ್ಲಿ ಎರಡನೇ ಪ್ರಶ್ನೆ ಕೇಳಿ. ರೆಡ್‌ಶಿಫ್ಟ್ 2ರ ಗ್ಯಾಲಕ್ಸಿಯನ್ನ 6000 ಆಂಗ್‌ಸ್ಟ್ರಾಂ ಫಿಲ್ಟರ್‌ನಲ್ಲಿ ಹಿಡಿದ್ರೆ, 2ಕ್ಕೆ 1 ಸೇರಿಸಿ 3ರಿಂದ ಭಾಗಿಸಿ, ಆ ಬೆಳಕು ಹೊರಟಾಗ 2000 ಆಂಗ್‌ಸ್ಟ್ರಾಂ, ಅಂದ್ರೆ ಯುವಿ. ಯುವಿಯಲ್ಲಿ ಹೊಸ ನಕ್ಷತ್ರಗಳ ಗುಂಪುಗಳು ಮಾತ್ರ ಹೊಳೆಯೋದು, ನಡುವಿನ ಹಳೇ ನಕ್ಷತ್ರಗಳ ಡಿಸ್ಕ್ ಕಾಣಲ್ಲ, ಹಾಗಾಗಿ ಮುರಿದು ಬಿದ್ದಿರೋ ಥರ ಕಾಣತ್ತೆ. ಇದು ನಿಜವೋ ಅಂತ ಪರೀಕ್ಷೆ ಮಾಡ್ಬೇಕಾ, ಎಂ81ಕ್ಕೆ ವಾಪಸ್ ಹೋಗಿ, ಗೇಲೆಕ್ಸ್ ಮತ್ತೆ 2ಮಾಸ್ ಒಂದಾದ ಮೇಲೊಂದು ಹಾಕಿ. ಒಂದರಲ್ಲಿ ತೋಳುಗಳ ಚುಕ್ಕಿ ಚುಕ್ಕಿ ಸಾಲು, ಇನ್ನೊಂದರಲ್ಲಿ ನುಣ್ಣನೆ ಗುಂಡನೆ ಮಧ್ಯಭಾಗ, ಅದೇ ಗ್ಯಾಲಕ್ಸಿ. 2021ರ ಡಿಸೆಂಬರ್ 25ಕ್ಕೆ ಹಾರಿದ ವೆಬ್ 0.6ರಿಂದ 28 ಮೈಕ್ರಾನ್ ನೋಡತ್ತೆ, ಅದು ಈ ಹಳೇ ಗ್ಯಾಲಕ್ಸಿಗಳ ಆಪ್ಟಿಕಲ್ ಬೆಳಕನ್ನ ಹಿಡಿದಾಗ, ಹಬಲ್‌ನಲ್ಲಿ ಚಿಂದಿಯಾಗಿ ಕಂಡ ಎಷ್ಟೋ ಗ್ಯಾಲಕ್ಸಿಗಳು ನೆಟ್ಟಗಿರೋ ಡಿಸ್ಕ್‌ಗಳೇ ಅಂತ ಗೊತ್ತಾಯ್ತು. ಬದಲಾಗಿದ್ದು ಗ್ಯಾಲಕ್ಸಿ ಅಲ್ಲ, ನಾವು ನೋಡಿದ ತರಂಗಾಂತರ.

ತೀರಾ ದೂರದ್ದು ಹುಡುಕೋಕೆ ಇನ್ನೊಂದು ಉಪಾಯ ಇದೆ, ಎಲ್ಲಿ ಕಾಣಲ್ಲ ಅನ್ನೋದನ್ನೇ ಸುಳಿವು ಮಾಡ್ಕೊಳೋದು. ವಿಶ್ವದ ಮೊದಲ ಕಾಲದಲ್ಲಿ ನಡುವಿನ ಹೈಡ್ರೋಜನ್ 1216 ಆಂಗ್‌ಸ್ಟ್ರಾಂಗಿಂತ ಚಿಕ್ಕ ಬೆಳಕನ್ನೆಲ್ಲ ನುಂಗ್ಬಿಡತ್ತೆ. ರೆಡ್‌ಶಿಫ್ಟ್ 7ಕ್ಕೆ ಆ ಗೆರೆ 9728ಕ್ಕೆ ಬರತ್ತೆ, ಅಂದ್ರೆ ಕಣ್ಣಿಗೆ ಕಾಣೋ ಎಲ್ಲ ಫಿಲ್ಟರ್‌ನಲ್ಲೂ ಖಾಲಿ, ಇನ್‌ಫ್ರಾರೆಡ್‌ನಲ್ಲಿ ದಿಢೀರ್ ಅಂತ ಹಾಜರ್. ಡ್ರಾಪ್‌ಔಟ್ ಅಂತಾರೆ. ಜೇಡ್ಸ್-ಜಿಎಸ್-ಝಡ್14-0 ಅನ್ನೋ ಗ್ಯಾಲಕ್ಸಿ ಇದೇ ದಿಕ್ಕಲ್ಲಿ, ರೆಡ್‌ಶಿಫ್ಟ್ 14.18, ವಿಶ್ವಕ್ಕೆ ಸುಮಾರು 30 ಕೋಟಿ ವರ್ಷ ಆಗಿದ್ದಾಗಿನದ್ದು, ಅದರ ಬೆಳಕು 1.85 ಮೈಕ್ರಾನ್‌ಗಿಂತ ಕೆಳಗೆ ಕಟ್. ಆಮೇಲೆ 2025ರಲ್ಲಿ ಚಿಲಿಯಲ್ಲಿ 5000 ಮೀಟರ್ ಎತ್ತರದಲ್ಲಿರೋ ಆಲ್ಮಾ ಅದರಲ್ಲಿ ಆಮ್ಲಜನಕ ಕಂಡುಹಿಡೀತು, 88 ಮೈಕ್ರಾನ್ ರೇಖೆ 15.18 ಪಟ್ಟು ಹಿಗ್ಗಿ 1.34 ಮಿಲಿಮೀಟರ್‌ನಲ್ಲಿ ಸಿಕ್ತು. ಆಮ್ಲಜನಕ ನಕ್ಷತ್ರದ ಹೊಟ್ಟೇಲಿ ಬೇಯ್ಬೇಕು, ಅಂದ್ರೆ ಅಷ್ಟು ಬೇಗನೇ ಒಂದು ತಲೆಮಾರು ನಕ್ಷತ್ರಗಳು ಹುಟ್ಟಿ ಸತ್ತಾಗಿತ್ತು.

ಕಾಣದ ಗ್ಯಾಲಕ್ಸಿ ಹೇಗೆ ಸಿಗತ್ತೆ

ಧೂಳಿನ ಕಥೆ ಅಂದ್ನಲ್ಲ, ನನಗಂತೂ ಇದೇ ಅತಿ ಇಷ್ಟ. 1995ರ ಡಿಸೆಂಬರ್‌ನಲ್ಲಿ ಹಬಲ್ ಹತ್ತು ದಿನ ಒಂದೇ ಜಾಗ ನೋಡಿ ಮೊದಲ ಡೀಪ್ ಫೀಲ್ಡ್ ತೆಗೀತು, ಸುಮಾರು 3000 ಗ್ಯಾಲಕ್ಸಿ. 1998ರಲ್ಲಿ ಹವಾಯಿಯ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಟೆಲಿಸ್ಕೋಪ್ ಅದೇ ಜಾಗವನ್ನ 850 ಮೈಕ್ರಾನ್‌ನಲ್ಲಿ ನೋಡ್ತು. ಅಲ್ಲಿ ಅತಿ ಪ್ರಕಾಶಮಾನವಾಗಿ ಕಂಡ ವಸ್ತು, ಎಚ್‌ಡಿಎಫ್850.1, ಹಬಲ್ ಚಿತ್ರದಲ್ಲಿ ಇಲ್ಲವೇ ಇಲ್ಲ. 3000ದಲ್ಲಿ ಒಂದೂ ಅಲ್ಲ. ಅದು ಎಷ್ಟು ದೂರ ಅಂತ ತಿಳಿಯೋಕೆ 2012 ಬರಬೇಕಾಯ್ತು, ರೆಡ್‌ಶಿಫ್ಟ್ 5.18, ವಿಶ್ವಕ್ಕೆ 110 ಕೋಟಿ ವರ್ಷ ಇದ್ದಾಗಿನದ್ದು, ಪೂರ್ತಿ ಧೂಳಲ್ಲಿ ಮುಚ್ಚಿಹೋಗಿ ಒಳಗೊಳಗೇ ಭರ್ಜರಿಯಾಗಿ ನಕ್ಷತ್ರ ಹುಟ್ಟಿಸ್ತಿದ್ದ ಗ್ಯಾಲಕ್ಸಿ.

850 ಮೈಕ್ರಾನ್ ಆಸುಪಾಸಿನ ಒಂದು ವಿಚಿತ್ರ ಏನಂದ್ರೆ, ಗ್ಯಾಲಕ್ಸಿ ದೂರ ಹೋದಷ್ಟೂ ಮಂಕಾಗ್ಬೇಕು ತಾನೇ, ಆದ್ರೆ ದೂರ ಹೋದಷ್ಟೂ 100 ಮೈಕ್ರಾನ್‌ನ ಧೂಳಿನ ಗುಡ್ಡ ಹಿಗ್ಗಿ ಹಿಗ್ಗಿ 850ರ ಕಡೆ ಬರ್ತಾ ಇರತ್ತೆ, ಹಾಗಾಗಿ ಆ ಕಡೆ ಕಳ್ಕೊಂಡಿದ್ದು ಈ ಕಡೆ ತುಂಬ್ಕೊಂಡು ರೆಡ್‌ಶಿಫ್ಟ್ 1ರಿಂದ ತುಂಬ ದೂರದವರೆಗೂ ಪ್ರಕಾಶ ಹೆಚ್ಚುಕಮ್ಮಿ ಹಾಗೇ ಉಳಿಯತ್ತೆ.

ಇದರಿಂದ ಇತಿಹಾಸಾನೇ ತಿದ್ದಬೇಕಾಯ್ತು. 1996ರ ಸುಮಾರಿಗೆ ಯುವಿ ಬೆಳಕು ಮಾತ್ರ ಇಟ್ಕೊಂಡು ಯಾವ ಕಾಲದಲ್ಲಿ ಎಷ್ಟು ನಕ್ಷತ್ರ ಹುಟ್ತಿದ್ವು ಅಂತ ಗ್ರಾಫ್ ಹಾಕಿದಾಗ ಹಿಂದಿನ ಕಾಲದ ಕಡೆ ಗೆರೆ ಬೇಗ ಕೆಳಗಿಳೀತು. ಧೂಳಿನ ಲೆಕ್ಕ ಸೇರಿಸಿದ ಮೇಲೆ ಅದೇ ಗೆರೆ ಮೇಲೆದ್ದು, ನಕ್ಷತ್ರ ಹುಟ್ಟೋ ಭರಾಟೆ ಅತಿ ಜೋರಾಗಿದ್ದಿದ್ದು ರೆಡ್‌ಶಿಫ್ಟ್ 2ರ ಆಸುಪಾಸು, ಸುಮಾರು 1000 ಕೋಟಿ ವರ್ಷದ ಹಿಂದೆ ಅಂತ ಆಯ್ತು. ಎಕ್ಸ್‌ರೇ ಹಿಡಿದು ಕಪ್ಪುರಂಧ್ರಗಳ ಊಟದ ಲೆಕ್ಕ ಹಾಕಿದ್ರೂ ಹೆಚ್ಚುಕಮ್ಮಿ ಅದೇ ಕಾಲಕ್ಕೆ ಭರಾಟೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದಿವೆ, ಯಾಕೆ ಅನ್ನೋದರ ಮೇಲೆ ಇವತ್ತಿಗೂ ಕೆಲಸ ನಡೀತಿದೆ.

ಇಎಸ್‌ಎ ಸ್ಕೈನಲ್ಲಿ ಹರ್ಷೆಲ್ ಲೇಯರ್ ಹಾಕಿ ನೋಡೋವಾಗ ಒಂದು ಹುಷಾರು. ಹರ್ಷೆಲ್‌ಗೆ 3.5 ಮೀಟರ್ ಕನ್ನಡಿ ಇದ್ರೂ 500 ಮೈಕ್ರಾನ್‌ನಲ್ಲಿ ಅದರ ಒಂದು ಚುಕ್ಕಿ 36 ಆರ್ಕ್‌ಸೆಕೆಂಡ್ ಅಗಲ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್), ಅಷ್ಟು ಜಾಗದಲ್ಲಿ ಹಬಲ್‌ಗೆ ನೂರಾರು ಗ್ಯಾಲಕ್ಸಿ ಕಾಣತ್ತೆ. ಆ ಬೆಳಕು ಯಾವ ಗ್ಯಾಲಕ್ಸಿದು ಅಂತ ಕಣ್ಣಂದಾಜಲ್ಲಿ ಹೇಳೋಕೆ ಹೋಗ್ಬೇಡಿ, ಮಧ್ಯೆ ಆಲ್ಮಾ ಅಥವಾ ರೇಡಿಯೋದಂಥ ಚೂಪು ಕಣ್ಣಿನದ್ದು ಒಂದು ಬೇಕು. ಬಣ್ಣಗಳನ್ನೂ ನಂಬ್ಬೇಡಿ, ಎಕ್ಸ್‌ರೇ ನೀಲಿ, ಇನ್‌ಫ್ರಾರೆಡ್ ಕೆಂಪು ಅನ್ನೋದೆಲ್ಲ ಬಳಿದ ಬಣ್ಣ.

ಬೆಂಗಳೂರಿನ ಯುವಿ

2015ರ ಸೆಪ್ಟೆಂಬರ್ 28ಕ್ಕೆ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಈ ಇಡೀ ವಿಷಯಕ್ಕೆ ಹೇಳಿ ಮಾಡಿಸಿದ್ದು, ಒಂದೇ ಸ್ಯಾಟಲೈಟ್‌ನಲ್ಲಿ ಯುವಿನೂ ಎಕ್ಸ್‌ರೇನೂ ಒಟ್ಟಿಗೆ. ಅದರ ಯುವಿಐಟಿ ಟೆಲಿಸ್ಕೋಪ್ ಕೆಲಸಕ್ಕೆ ಮುಂದಾಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಗೇಲೆಕ್ಸ್‌ಗೆ ಸುಮಾರು 5 ಆರ್ಕ್‌ಸೆಕೆಂಡ್ ಮಸುಕು, ಇದಕ್ಕೆ ಸುಮಾರು 1.5.

ಇದು ಹಬಲ್ ಅಲ್ಟ್ರಾ ಡೀಪ್ ಫೀಲ್ಡ್‌ನ ಜಾಗವನ್ನ 2016ರ ಅಕ್ಟೋಬರ್‌ನಲ್ಲಿ 28 ಗಂಟೆ ನೋಡ್ತು, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಹಾ ಅವರ ತಂಡ ಅದರಲ್ಲಿ ಎಯುಡಿಎಫ್‌ಎಸ್01 ಅನ್ನೋ ಗ್ಯಾಲಕ್ಸಿ ಕಂಡುಹಿಡಿದು 2020ರಲ್ಲಿ ಪ್ರಕಟಿಸ್ತು. ರೆಡ್‌ಶಿಫ್ಟ್ 1.42, ಹಿಡಿದ ಫಿಲ್ಟರ್ ಸುಮಾರು 1541 ಆಂಗ್‌ಸ್ಟ್ರಾಂ. ನೀವೇ ಭಾಗಿಸಿ, 1541 ಭಾಗಿಸು 2.42, ಸುಮಾರು 637. ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಹಾಕೋಕೆ 912ಕ್ಕಿಂತ ಚಿಕ್ಕ ಬೆಳಕು ಬೇಕು, ಇದು ಅದಕ್ಕಿಂತ ಎಷ್ಟೋ ಕೆಳಗೆ. ಇಂಥ ಬೆಳಕು ಗ್ಯಾಲಕ್ಸಿಯ ಒಳಗಿನ ಹೈಡ್ರೋಜನ್‌ಗೇ ಸಿಕ್ಕಿ ಸಾಯೋದು ವಾಡಿಕೆ, ಇಲ್ಲಿ ಸೋರಿ ಹೊರಗೆ ಬಂದಿದೆ. ವಿಶ್ವದ ಮೊದಲ 100 ಕೋಟಿ ವರ್ಷದಲ್ಲಿ ಗ್ಯಾಲಕ್ಸಿಗಳ ನಡುವಿನ ಹೈಡ್ರೋಜನ್ ಹೇಗೆ ಮತ್ತೆ ಅಯಾನ್ ಆಯ್ತು ಅನ್ನೋದಕ್ಕೆ ಇಂಥ ಸೋರಿಕೆಯೇ ಕಾರಣ ಇರ್ಬಹುದು ಅಂತ ಜನ ಹುಡುಕ್ತಿರೋದು. ಆಸ್ಟ್ರೋಸ್ಯಾಟ್‌ನ ಹಳೇ ಡೇಟಾ ಬ್ಯಾಲಾಳುವಿನಲ್ಲಿರೋ ಇಸ್ರೋ ಡೇಟಾ ಸೆಂಟರ್‌ನ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಕೊಂಡು ಡೌನ್‌ಲೋಡ್ ಮಾಡ್ಬಹುದು. ಫಿಟ್ಸ್ ಅನ್ನೋ ಫೈಲ್ ಬರತ್ತೆ, ಮಾಮೂಲಿ ಫೋಟೋ ಆಪ್‌ಗೆ ಗೊತ್ತಾಗಲ್ಲ, ಡಿಎಸ್9 ಅಂತ ಫ್ರೀ ಸಾಫ್ಟ್‌ವೇರ್ ಹಾಕ್ಕೊಳಿ. ಓಪನ್ ಮಾಡಿದ ತಕ್ಷಣ ಪೂರ್ತಿ ಕಪ್ಪು ಕಂಡ್ರೆ ಗಾಬರಿ ಆಗ್ಬೇಡಿ, ಸ್ಕೇಲ್ ಮೆನುವಿನಲ್ಲಿ ಲಾಗ್ ಆರಿಸಿ.

ಕೊನೇದು ರೇಡಿಯೋ

ಹೈಡ್ರೋಜನ್ ರೇಖೆ 1420.4 ಮೆಗಾಹರ್ಟ್ಸ್. ಇಲ್ಲಿ ಫ್ರೀಕ್ವೆನ್ಸಿ ಆದ್ರಿಂದ, ರೆಡ್‌ಶಿಫ್ಟ್‌ಗೆ 1 ಸೇರಿಸಿ ಅದರಿಂದ ಗುಣಿಸೋ ಬದಲು ಭಾಗಿಸ್ಬೇಕು. ಪುಣೆ ಹತ್ತಿರ ಖೋಡದ್‌ನಲ್ಲಿರೋ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿ, 45 ಮೀಟರ್‌ನ 30 ಡಿಶ್‌ಗಳು, ಅದರಿಂದ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯ ಅರ್ನಬ್ ಚಕ್ರವರ್ತಿ ಮತ್ತೆ ನಮ್ಮ ಐಐಎಸ್‌ಸಿಯ ನಿರುಪಮ್ ರಾಯ್ ಇಬ್ಬರೂ ರೆಡ್‌ಶಿಫ್ಟ್ 1.29ರ ಗ್ಯಾಲಕ್ಸಿಯ ಹೈಡ್ರೋಜನ್ ಹಿಡಿದ್ರು ಅಂತ 2023ರ ಜನವರಿಯಲ್ಲಿ ಸುದ್ದಿ ಬಂತು. 1420.4 ಭಾಗಿಸು 2.29, ಸುಮಾರು 620 ಮೆಗಾಹರ್ಟ್ಸ್. ಸಿಗ್ನಲ್ ಹೊರಟು 880 ಕೋಟಿ ವರ್ಷ. ನಡುವೆ ಇನ್ನೊಂದು ಗ್ಯಾಲಕ್ಸಿ ಲೆನ್ಸ್ ಥರ ಸುಮಾರು 30 ಪಟ್ಟು ಹಿಗ್ಗಿಸಿಕೊಟ್ಟಿದ್ದಕ್ಕೆ ಸಿಕ್ತು, ಇಲ್ಲಾಂದ್ರೆ ಸಿಗೋ ಮಾತಲ್ಲ.

ಇನ್ನೂ ಹಿಂದೆ, ಮೊದಲ ನಕ್ಷತ್ರಗಳು ಬೆಳಗೋಕೆ ಶುರುವಾದ ಕಾಲಕ್ಕೆ ಹೋದ್ರೆ ಈ ರೇಖೆ 100 ಮೆಗಾಹರ್ಟ್ಸ್‌ಗೂ ಕೆಳಗೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಎಡ್ಜಸ್ ಅನ್ನೋ ಪ್ರಯೋಗದವರು 78 ಮೆಗಾಹರ್ಟ್ಸ್‌ನಲ್ಲಿ ಆಕಾಶದ ರೇಡಿಯೋ ಸಿಗ್ನಲ್‌ನಲ್ಲಿ ಒಂದು ತಗ್ಗು ಸಿಕ್ಕಿದೆ ಅಂದ್ರು, ರೆಡ್‌ಶಿಫ್ಟ್ 17.2, ವಿಶ್ವಕ್ಕೆ ಸುಮಾರು 18 ಕೋಟಿ ವರ್ಷ ಇದ್ದಾಗಿನದ್ದು, ಆದ್ರೆ ಆ ತಗ್ಗು ಲೆಕ್ಕಕ್ಕಿಂತ ತುಂಬ ಆಳ ಇತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ 3 ಅನ್ನೋ ಆಂಟೆನಾ ಕಟ್ಟಿ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮೇಲೆ, ಆಮೇಲೆ ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ರು. ನೀರ ಮೇಲೆ ಯಾಕೆ ಅಂದ್ರೆ ನೆಲ ಪದರ ಪದರವಾಗಿರತ್ತೆ, ಕಲ್ಲು, ತೇವ, ಒಂದೊಂದು ಕಡೆ ಒಂದೊಂದು ಥರ, ಅದು ಆಂಟೆನಾದ ಸಿಗ್ನಲ್ ಕೆಡಿಸತ್ತೆ, ಆಳದ ನೀರು ಎಲ್ಲ ಕಡೆ ಒಂದೇ ಸಮ. 2022ರಲ್ಲಿ ಅವರು ಹೇಳಿದ್ದು, ಆ ತಗ್ಗು ನಮಗೆ ಸಿಗಲಿಲ್ಲ ಅಂತ. ಏನೂ ಸಿಗದ ಡೇಟಾ ಕೂಡ ರಿಸಲ್ಟೇ, ಇಂಥ ಫ್ರೀಕ್ವೆನ್ಸಿಯಲ್ಲಿ ಇಷ್ಟಕ್ಕಿಂತ ದೊಡ್ಡ ತಗ್ಗು ಇಲ್ಲ ಅಂತ ಗಟ್ಟಿಯಾಗಿ ಹೇಳೋಕಾಗತ್ತೆ.

ಅಭ್ಯಾಸಕ್ಕೆ ಒಂದು ಲೆಕ್ಕ ಮಾಡಿ. ಒಂದು ಕಾಗದದಲ್ಲಿ ಮೇಲೆ ಬಂದ ರೆಡ್‌ಶಿಫ್ಟ್‌ಗಳನ್ನೆಲ್ಲ ಕೆಳಗೆ ಕೆಳಗೆ ಬರ್ಕೊಂಡು, ಪ್ರತಿಯೊಂದಕ್ಕೂ ಎಚ್-ಆಲ್ಫಾ ಎಲ್ಲಿ, ಧೂಳಿನ ಗುಡ್ಡ ಎಲ್ಲಿ, ಹೈಡ್ರೋಜನ್ ರೇಡಿಯೋ ರೇಖೆ ಎಲ್ಲಿ ಅಂತ ತುಂಬಿ, ಪಕ್ಕದಲ್ಲಿ ಯಾವ ಟೆಲಿಸ್ಕೋಪ್ ಬೇಕು ಅಂತ ಬರೀರಿ. ಎಚ್‌ಡಿಎಫ್850.1ಕ್ಕೆ ಎಚ್-ಆಲ್ಫಾ 4.06 ಮೈಕ್ರಾನ್ ಬರ್ಬೇಕು, ವೆಬ್ ಬೇಕು. ಅದರ ಹೈಡ್ರೋಜನ್ 230 ಮೆಗಾಹರ್ಟ್ಸ್. ಜೇಡ್ಸ್ ಗ್ಯಾಲಕ್ಸಿಗೆ ಎಚ್-ಆಲ್ಫಾ ಹತ್ತಿರ ಹತ್ತಿರ 10 ಮೈಕ್ರಾನ್, ವೆಬ್‌ನಲ್ಲೂ ಬೇರೆ ಕ್ಯಾಮೆರಾ, ಮಿರಿ. ಅದರ ಕಾಲದ ಹೈಡ್ರೋಜನ್ ಲೆಕ್ಕ ಹಾಕಿದ್ರೆ 93.6 ಮೆಗಾಹರ್ಟ್ಸ್ ಬರತ್ತೆ, ಸರಿಯಾಗಿ ಎಫ್‌ಎಂ ಸ್ಟೇಷನ್‌ಗಳ ಮಧ್ಯೆ.